ಭಾಗಮಂಡಲಕ್ಕೆ ಹೊರಟ ಮಗಳಿಗೆ ದೊಡ್ಡಪ್ಪನ ಕಿವಿಮಾತು

ಮಗಳೇ,

ಡಿಸೆಂಬರಿನಲ್ಲಿ ಅಳಿಯಂದಿರ ಜೊತೆ ಅತ್ತೆಯವರನ್ನೂ ಕರೆದುಕೊಂಡು ಭಾಗಮಂಡಲಕ್ಕೆ ಹೋಗಬೇಕು, ಏನೇನು ನೋಡಿಕೊಳ್ಳಬೇಕೋ ಒಂದು ಚೀಟಿಯಲ್ಲಿ ಬರೆದುಕೊಡಿ ದೊಡ್ಡಪ್ಪ ಎಂದು ಕೇಳಿದೆಯಲ್ಲ. ಚೀಟಿಯಲ್ಲಿ ಹಿಡಿಯುವ ಸಂಗತಿ ಇದಲ್ಲ. ಆ ಊರಿನ ಶಾಲೆಯಲ್ಲಿ ಪಾಠ ಹೇಳಿ, ಅಲ್ಲಿಯ ಮಳೆಯಲ್ಲಿ ನೆನೆದು, ಅಲ್ಲಿಯವರ ಮದುವೆ ಮುಂಜಿಗಳಲ್ಲಿ ಎಲೆಗೆ ಕೂತು ಬಂದವನು ನಾನು. ಬೀಗರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಅಲ್ಲಿಯ ಕಾವೇರಿ ಸಂಗಮದಲ್ಲಿ ಪಿಂಡ ಇಡಿಸಬೇಕೆಂಬುದು ನಿನ್ನ ಅತ್ತೆಯವರ ಬಯಕೆ ಎಂದೂ ಹೇಳಿದೆ. ಹಾಗಾಗಿ ತಿರುಗಾಟಕ್ಕೆ ಹೋಗುವವರಿಗೆ ಹೇಳುವುದಕ್ಕಿಂತ ಹೆಚ್ಚನ್ನೇ ಹೇಳಬೇಕಾಗಿದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಬಹಳ ಮಂದಿ ಮಡಿಕೇರಿಯಲ್ಲಿ ರೂಮು ಮಾಡಿ, ತಿಂಡಿ ತಿಂದು ಹೊರಟು, ತಲಕಾವೇರಿಯಲ್ಲಿ ಕೈಮುಗಿದು, ಭಾಗಮಂಡಲದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದು, ಮಧ್ಯಾಹ್ನದೊಳಗೆ ವಾಪಸಾಗುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಭಾಗಮಂಡಲದಲ್ಲೇ ಮಲಗಿ. ಕೆಳಗೆ ಬರೆದಿರುವುದೆಲ್ಲ ಆ ಒಂದು ರಾತ್ರಿಯನ್ನು ನಂಬಿ ಬರೆದದ್ದು.

• ತಿಂಗಳು ಸರಿಯಾಗಿಯೇ ಆರಿಸಿದ್ದೀಯ. ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ತೆರೆದಿರುತ್ತದೆ, ಹೊಳೆ ಇಳಿದು ತಿಳಿಯಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಬೆಳಗಿನ ಚಳಿ ಮಾತ್ರ ಜೋರು. ಅತ್ತೆಯವರಿಗೆ ಸ್ವೆಟರ್, ಕಿವಿ ಮುಚ್ಚುವ ಮಫ್ಲರ್, ದಪ್ಪ ಕಾಲುಚೀಲ ಇರಲಿ. ಶನಿವಾರ, ಭಾನುವಾರ ಬಿಟ್ಟು ನಡುವಾರದ ದಿನ ನೋಡು. ಕ್ರಿಸ್‌ಮಸ್ ರಜೆಯ ವಾರವಂತೂ ಬೇಡವೇ ಬೇಡ. ಹುತ್ತರಿ ಎಂದು ಬೀಳುತ್ತದೆ ಎಂಬುದನ್ನೂ ಕೇಳಿಕೋ. ನವೆಂಬರ್ ಕೊನೆಗೋ ಡಿಸೆಂಬರಿಗೋ ಹುಣ್ಣಿಮೆಯ ಹೊತ್ತಿಗೆ ಬರುವ ಹೊಸ ಅಕ್ಕಿಯ ಹಬ್ಬ ಅದು. ಮುಹೂರ್ತ ಇಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಆ ರಾತ್ರಿ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಕದಿರು ಕೊಯ್ದು ತರುತ್ತಾರೆ. ಹೋಂಸ್ಟೇ ನಡೆಸುವವರಿಗೂ ಅದು ಮನೆಯ ಹಬ್ಬ. ಅವರು ಕರೆದರೆ ಸಂತೋಷದಿಂದ ಹೋಗಿ, ಕರೆಯದಿದ್ದರೆ ಆ ಎರಡು ದಿನ ಅವರನ್ನು ಅವರ ಪಾಡಿಗೆ ಬಿಟ್ಟು ಬೇರೆ ದಿನ ಗೊತ್ತುಮಾಡಿ.

• ತುಲಾ ಸಂಕ್ರಮಣಕ್ಕೇ ಹೋಗೋಣ ಎಂದು ಅತ್ತೆಯವರು ಮೊದಲು ಅಂದಿದ್ದರಂತೆ. ಅವರ ಭಕ್ತಿ ದೊಡ್ಡದು, ಆದರೆ ಮೊಣಕಾಲು ನೋವಿನವರಿಗೆ ಆ ದಿನ ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್ 17ಕ್ಕೆ ಬರುತ್ತದೆ. ಸೂರ್ಯ ತುಲಾರಾಶಿಗೆ ಪ್ರವೇಶಿಸುವ ಗಳಿಗೆಗೆ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ, ಎಂದರೆ ನೀರು ಉಕ್ಕುವುದು. ಆ ಗಳಿಗೆ ಒಂದು ವರ್ಷ ಮುಂಜಾನೆ ಬಂದರೆ ಇನ್ನೊಂದು ವರ್ಷ ನಡುರಾತ್ರಿ. ಕುಂಡಿಕೆಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ, ಗಾಡಿ ಎಷ್ಟೋ ದೂರದಲ್ಲಿ ನಿಲ್ಲಿಸಿ ನಡೆಯಬೇಕು. ಸಂಕ್ರಮಣ ಕಳೆದು ಒಂದು ತಿಂಗಳು ಪೂರ್ತಿ ಪುಣ್ಯಕಾಲವೆಂದೇ ಕೊಡಗಿನವರು ನಡೆದುಕೊಳ್ಳುತ್ತಾರೆ. ಪಿಂಡ ತರ್ಪಣಗಳು ವರ್ಷವಿಡೀ ನಡೆಯುತ್ತವೆ. ಅತ್ತೆಯವರ ಮನಸ್ಸಿಗೆ ಇದನ್ನು ನಿಧಾನವಾಗಿ ಹೇಳು.

• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರು ಎಷ್ಟೇ ಹುರಿದುಂಬಿಸಿದರೂ ವಯಸ್ಸಾದವರನ್ನು ಕರೆದುಕೊಂಡು ಆ ಕಡೆ ಹೋಗಬೇಡ. ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ಅಲ್ಲಿ ಮಾಮೂಲು. ಕಾವೇರಿಯೂ ಕನ್ನಿಕೆಯೂ ಒಟ್ಟಿಗೆ ಉಕ್ಕಿದರೆ ಸಂಗಮದ ಮೆಟ್ಟಿಲು, ಕಟ್ಟೆ, ರಸ್ತೆ ಎಲ್ಲ ಒಂದೇ ನೀರು. ವರ್ಷ ವರ್ಷ ನಾಪೋಕ್ಲು ಕಡೆಯ ದಾರಿಯೂ ಮಡಿಕೇರಿ ಕಡೆಯ ದಾರಿಯೂ ನೀರಿನಡಿ ಹೋಗಿ ಊರು ದ್ವೀಪವಾಗುತ್ತಿತ್ತು. ಅದಕ್ಕೆಂದೇ ಸಂಗಮದ ಬಳಿ ಮೇಲ್ಸೇತುವೆ ಕಟ್ಟಿದ್ದಾರೆ.

• ದಾರಿ. ಕೊಡಗಿಗೆ ರೈಲಿಲ್ಲ. ನೀವು ಕಾರಿನಲ್ಲೇ ಬರುವುದಾದರೆ ಮೈಸೂರು, ಹುಣಸೂರು, ಕುಶಾಲನಗರ ದಾಟಿ ಮಡಿಕೇರಿ. ಅಲ್ಲಿಂದ ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ಹಾದು ಭಾಗಮಂಡಲ, ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಫೋನು ಒಂದು ಗಂಟೆ ಎಂದು ತೋರಿಸಬಹುದು, ನೀನು ಒಂದೂವರೆ ಗಂಟೆ ಎಂದು ಲೆಕ್ಕ ಹಾಕಿಕೋ. ಬೆಂಗಳೂರಿನಿಂದ ಒಂದೇ ಓಟಕ್ಕೆ ಬಂದು ಸಂಜೆ ಕತ್ತಲಿಗೆ ಆ ತಿರುವುಗಳಲ್ಲಿ ಕಾರು ಓಡಿಸುವಂತೆ ಆಗಬಾರದು. ಬೆಳಗ್ಗೆ ಐದಕ್ಕೇ ಮನೆ ಬಿಡಿ, ಇಲ್ಲವೇ ಮೈಸೂರಿನಲ್ಲಿ ನಿಮ್ಮ ಚಿಕ್ಕಮ್ಮನ ಮನೆಯಲ್ಲಿ ತಂಗಿ ಹೊರಡಿ. ಪೆಟ್ರೋಲು ಮಡಿಕೇರಿಯಲ್ಲೇ ತುಂಬಿಸಿ. ನೋಟು, ಚಿಲ್ಲರೆ ಕೈಯಲ್ಲಿರಲಿ, ಸಿಗ್ನಲ್ ಹೋದರೆ ಫೋನಿನಲ್ಲಿ ದುಡ್ಡು ಕೊಡಲಾಗುವುದಿಲ್ಲ. ಉಳಿಯುವ ಮನೆಯವರ ನಂಬರನ್ನು ಒಂದು ಕಾಗದದಲ್ಲೂ ಬರೆದಿಟ್ಟುಕೋ.

• ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸು. ಅಪ್ಪಂಗಳ ದಾಟಿದ ಮೇಲೆ ರಸ್ತೆ ಸುತ್ತುತ್ತಲೇ ಇರುತ್ತದೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ಮಡಿಕೇರಿಯಲ್ಲಿ ಎಣ್ಣೆ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಹಸಿ ಶುಂಠಿಯ ಚೂರಿಗೆ ಉಪ್ಪು ಹಚ್ಚಿ ಡಬ್ಬಿಯಲ್ಲಿ ಇಟ್ಟುಕೋ. ಕಿಟಕಿ ಸ್ವಲ್ಪ ತೆಗೆದಿರಲಿ.

• ಅಳಿಯಂದಿರಿಗೆ ನಾನು ಹೇಳಿದೆ ಎಂದು ಹೇಳು: ಏರು ಹತ್ತುವ ಗಾಡಿಗೆ ದಾರಿ ಬಿಡಬೇಕು. ಇಳಿಯುವಾಗ ಬ್ರೇಕನ್ನೇ ಒತ್ತುತ್ತ ಬರಬಾರದು, ಗೇರು ಇಳಿಸಿ ಇಂಜಿನ್ನಿನ ಹಿಡಿತದಲ್ಲಿ ಬರಬೇಕು. ತಿರುವಿನಲ್ಲಿ ಹಾರ್ನ್ ಮಾಡುವುದು ಅಲ್ಲಿ ಮರ್ಯಾದೆ. ಮಂಜು ಕವಿದರೆ ದೀಪವನ್ನು ಡಿಮ್ಮಿಗೆ ಹಾಕಿ, ಎತ್ತರದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸು ಬರುತ್ತದೆ. ಏನೂ ಕಾಣದಿದ್ದರೆ ಅಗಲವಾದ ಕಡೆ ನಿಲ್ಲಿಸಿ ಕಾಯಿರಿ. ಅಲ್ಲಿಯ ಖಾಸಗಿ ಬಸ್ಸಿನ ಡ್ರೈವರುಗಳಿಗೆ ಆ ರಸ್ತೆ ಅಂಗೈ ಗೆರೆಯಷ್ಟು ಗೊತ್ತು. ಅವರ ಹಿಂದೆ ಹೋಗಿ, ಮುಂದೆ ಹೋಗಲು ಪೈಪೋಟಿ ಮಾಡಬೇಡಿ.

• ಡಿಸೆಂಬರೆಂದರೆ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಹಣ್ಣಾಗಿ ಕೆಂಪಗೆ ತೂಗುತ್ತಿರುತ್ತದೆ, ಗಾಡಿ ನಿಲ್ಲಿಸಿ ಫೋಟೋ ತೆಗೆಯೋಣ ಎನ್ನಿಸುತ್ತದೆ. ರಸ್ತೆಯಲ್ಲಿ ನಿಂತು ತೆಗೆಯಿರಿ, ಬೇಲಿ ದಾಟಿ ತೋಟಕ್ಕೆ ಇಳಿಯಬೇಡಿ, ಒಂದು ಹಣ್ಣನ್ನೂ ಕೀಳಬೇಡಿ. ಬೆಳೆದವರಿಗೆ ವರ್ಷಕ್ಕೊಮ್ಮೆ ಕೈಗೆ ಬರುವ ದುಡ್ಡು ಅದು, ಕಾಫಿ ಕಳವಿನ ಭಯದಲ್ಲಿ ರಾತ್ರಿ ಕಾವಲು ಕೂರುವವರಿದ್ದಾರೆ. ಮನೆ ಮುಂದಿನ ಕಳದಲ್ಲಿ ಕಾಫಿ ಹರಡಿರುತ್ತಾರೆ, ಚಪ್ಪಲಿ ಹಾಕಿಕೊಂಡು ತುಳಿಯುವುದಾಗಲಿ ಅದರ ಅಂಚಿಗೆ ಕಾರು ತಂದು ನಿಲ್ಲಿಸುವುದಾಗಲಿ ಕೂಡದು. ಮುಂಜಾನೆಯಲ್ಲೂ ಮುಸ್ಸಂಜೆಯಲ್ಲೂ ತೋಟದ ದಾರಿಯಲ್ಲಿ ಕಾಲಾಡಿಸಲು ಹೋಗಬೇಡಿ, ಆನೆ ಓಡಾಡುವ ಕಡೆ ಅದು. ಮನೆಯವರನ್ನು ಕೇಳಿ, ಅವರು ಹೋಗಬಹುದು ಎಂದರೆ ಮಾತ್ರ ಹೋಗಿ.

• ಸಂಜೆ ನಾಲ್ಕರೊಳಗೆ ಭಾಗಮಂಡಲ ತಲುಪಿದರೆ ಆ ದಿನ ಬೇರೇನೂ ಮಾಡಬೇಡಿ. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಭಗಂಡೇಶ್ವರನ ದೇವಸ್ಥಾನಕ್ಕೆ ಹೋಗಿ. ಊರಿಗೆ ಹೆಸರು ಬಂದಿದ್ದೇ ಈ ದೇವರಿಂದ, ಭಗಂಡ ಮುನಿ ಪ್ರತಿಷ್ಠೆ ಮಾಡಿದ ಲಿಂಗ ಎಂದು ಪ್ರತೀತಿ. ಒಳಗೆ ಸುಬ್ರಹ್ಮಣ್ಯ, ಮಹಾವಿಷ್ಣು, ಗಣಪತಿಯರ ಗುಡಿಗಳೂ ಇವೆ. ಇಳಿಜಾರು ಮಾಡು, ತಾಮ್ರದ ಹೊದಿಕೆ, ಮರದ ಕೆತ್ತನೆ ನೋಡಿದರೆ ಮಲಯಾಳ ಸೀಮೆ ಎಷ್ಟು ಹತ್ತಿರ ಎಂದು ತಿಳಿಯುತ್ತದೆ. ಆ ಮಳೆಗೆ ಚಪ್ಪಟೆ ಮಾಡು ನಿಲ್ಲುವುದೂ ಇಲ್ಲ. ಮಾಡಿನ ಕೆಳಗೆ ಕೆತ್ತಿರುವ ಕಥೆಗಳನ್ನು ಅತ್ತೆಯವರಿಗೆ ತೋರಿಸು, ರಾಮಾಯಣ ಬಲ್ಲವರು ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ಈ ಊರನ್ನು ಟಿಪ್ಪುವಿನ ಸೈನ್ಯ ಹಿಡಿದು ಅಫ್ಸಲಾಬಾದ್ ಎಂದು ಹೆಸರಿಟ್ಟಿತ್ತು, 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮರಳಿ ಗೆದ್ದುಕೊಂಡ. ಈಗ ಆ ಗದ್ದಲದ ಸುಳಿವೂ ಅಲ್ಲಿಲ್ಲ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಪ್ರವಾಸಿಗರ ಗಾಡಿಗಳೆಲ್ಲ ಮಡಿಕೇರಿ ಮುಟ್ಟಿರುತ್ತವೆ, ದೇವಸ್ಥಾನದಲ್ಲಿ ಊರಿನವರೇ ಇರುತ್ತಾರೆ. ನಾನು ಅಲ್ಲಿ ಮಲಗಿ ಎಂದು ಹಟ ಹಿಡಿದದ್ದು ಈ ಸಂಜೆಗೂ ಮರುದಿನದ ಬೆಳಗಿಗೂ.

• ಈಗ ಮುಖ್ಯವಾದದ್ದು, ಪಿಂಡದ ಕೆಲಸ. ಹಿಂದಿನ ಸಂಜೆಯೇ ದೇವಸ್ಥಾನದ ಕಚೇರಿಯಲ್ಲಿ ವಿಚಾರಿಸಿ. ಯಾರು ಮಾಡಿಸುತ್ತಾರೆ, ಎಷ್ಟು ಹೊತ್ತಿಗೆ ಬರಬೇಕು, ಏನೇನು ಅವರೇ ಒದಗಿಸುತ್ತಾರೆ, ಎಷ್ಟು ಕೊಡಬೇಕು, ನಾಲ್ಕನ್ನೂ ಬಾಯಿಬಿಟ್ಟು ಕೇಳಿ. ಕೇಳುವುದು ಅಗೌರವ ಅಲ್ಲ. ಕೇಳದೆ ಬೆಳಗ್ಗೆ ಹೊಳೆ ದಂಡೆಯಲ್ಲಿ ದಕ್ಷಿಣೆಯ ಲೆಕ್ಕಕ್ಕೆ ಮಾತು ಬೆಳೆದರೆ ಅತ್ತೆಯವರ ಮನಸ್ಸು ಮುದುಡುತ್ತದೆ. ಬೀಗರ ಹೆಸರು, ಗೋತ್ರ, ನಕ್ಷತ್ರ, ತೀರಿಕೊಂಡ ತಿಥಿ, ಅವರ ತಂದೆ ಮತ್ತು ಅಜ್ಜನ ಹೆಸರು, ಇವಿಷ್ಟನ್ನು ಅಳಿಯಂದಿರು ಮೊದಲೇ ಬರೆದುಕೊಂಡಿರಲಿ. ಆ ಗಳಿಗೆಯಲ್ಲಿ ಗಂಟಲು ಕಟ್ಟಿ ಅಜ್ಜನ ಹೆಸರೇ ನೆನಪಿಗೆ ಬಾರದೆ ನಿಂತವರನ್ನು ನಾನು ಕಂಡಿದ್ದೇನೆ. ನಿಮ್ಮ ಮನೆಯ ಪದ್ಧತಿ ಯಾವುದು, ಎಳ್ಳುನೀರು ಬಿಡುವುದಷ್ಟೆಯೋ ಪಿಂಡವೂ ಉಂಟೋ, ತಲೆ ಬೋಳಿಸುತ್ತಾರೋ ಇಲ್ಲವೋ ಎಂಬುದನ್ನು ನಿಮ್ಮ ಕಡೆಯ ಹಿರಿಯರ ಹತ್ತಿರ ಕೇಳಿಕೊಂಡು ಬನ್ನಿ. ಅಲ್ಲಿ ಬಂದು ಹತ್ತು ಜನರ ಸಲಹೆ ಕೇಳುವ ಪರಿಸ್ಥಿತಿ ಬೇಡ.

• ಕೆಲಸ ಮಾಡುವವರು ಬೆಳಗ್ಗೆ ಏನೂ ತಿನ್ನದೆ ಬರಬೇಕು. ಅತ್ತೆಯವರಿಗೆ ಮಾತ್ರ ಸಕ್ಕರೆ ಕಾಯಿಲೆಯ ಮಾತ್ರೆ ಇದೆ, ಅವರು ಉಪವಾಸ ಕೂರಬಾರದು. ಶಾಸ್ತ್ರ ಬಲ್ಲ ಯಾರೂ ಅದಕ್ಕೆ ಅಡ್ಡಿ ಹೇಳುವುದಿಲ್ಲ, ನನ್ನ ಹೆಸರು ಹೇಳಿ ಅವರಿಗೆ ಹಾಲನ್ನೋ ಬಾಳೆಹಣ್ಣನ್ನೋ ಕೊಡು. ಸಂಗಮದ ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ಅವರು ಮೇಲಿನ ಮೆಟ್ಟಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂರಲಿ, ನೀನು ಚೊಂಬಿನಲ್ಲಿ ನೀರು ತಂದು ಅವರ ತಲೆಗೆ ಪ್ರೋಕ್ಷಣೆ ಮಾಡು. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ. ಮೂರನೆಯದು ಸುಜ್ಯೋತಿ, ನೆಲದಡಿಯಿಂದ ಬಂದು ಸೇರುತ್ತದೆ ಎಂಬುದು ನಂಬಿಕೆ. ಕೆಲಸ ಮುಗಿದ ಮೇಲೆ ಅವರನ್ನು ಎಬ್ಬಿಸಲು ಅವಸರ ಮಾಡಬೇಡ. ಆ ಬೆಳಗನ್ನು ಪೂರ್ತಿ ಅವರಿಗೆ ಬಿಟ್ಟುಕೊಡು. ಆಮೇಲಿನ ತಿರುಗಾಟಕ್ಕೆ ಗಂಟೆ ಗೊತ್ತುಮಾಡಿಕೊಂಡಿರಬೇಡಿ.

• ಹೊಳೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸ್ನಾನ ಮಾಡಿದ ಮೇಲೆ ಉಟ್ಟ ಬಟ್ಟೆಯನ್ನು ನೀರಿನಲ್ಲಿ ಬಿಡುವ ರೂಢಿ ಎಲ್ಲ ಸಂಗಮಗಳಲ್ಲೂ ಬೆಳೆದುಬಿಟ್ಟಿದೆ. ಪಕ್ಕದವರು ಬಿಡುತ್ತಿದ್ದರೂ ನೀವು ಬಿಡಬೇಡಿ. ಆ ಪಂಚೆ, ಸೀರೆಗಳು ಕಲ್ಲಿಗೆ, ಬೇರಿಗೆ ಸುತ್ತಿಕೊಂಡು ಕೊಳೆಯುತ್ತವೆ, ಮರುದಿನ ಅದನ್ನು ಎಳೆದು ಮೇಲೆ ಹಾಕುವ ಬಡಪಾಯಿ ಕೆಲಸಗಾರರು ಇದ್ದಾರೆ. ಸೋಪು, ಶಾಂಪೂ ಹೊಳೆಗೆ ತರಬೇಡಿ. ಹೂವಿನ ಹಾರದ ದಾರ, ಕರ್ಪೂರದ ಪ್ಲಾಸ್ಟಿಕ್ಕು, ಅಗರಬತ್ತಿಯ ಪೊಟ್ಟಣ ನಿನ್ನ ಚೀಲದಲ್ಲೇ ವಾಪಸು ಬರಲಿ. ಅಳಿಯಂದಿರು ಬೆಂಗಳೂರಿನವರು, ಅವರಿಗೆ ಇದನ್ನೂ ಹೇಳು: ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಏರಿಸಲು ಶುರುಮಾಡಿದ್ದು 1974ರಲ್ಲಿ, ಐದನೆಯ ಹಂತಕ್ಕೆ ಚಾಲನೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಅವರು ಹುಟ್ಟಿದಾಗಿನಿಂದ ಕುಡಿಯುತ್ತಿರುವುದು ಈ ಹೊಳೆಯನ್ನು. ಭಾಗಮಂಡಲದಲ್ಲಿ ಅದಿನ್ನೂ ಎಳೆಗೂಸು. ಅದರ ಮೈಗೆ ಮೊದಲ ಕೊಳೆ ನಮ್ಮ ಮನೆಯವರಿಂದ ಅಂಟಬಾರದು ಎಂಬುದಷ್ಟೇ ನನ್ನ ಕೋರಿಕೆ.

• ಮಧ್ಯಾಹ್ನ ದೇವಸ್ಥಾನದಲ್ಲಿ ಅನ್ನಸಂತರ್ಪಣೆ ಇರುತ್ತದೆ. ಪಿಂಡದ ದಿನ ಅಲ್ಲೇ ಊಟ ಮಾಡಿ. ಬಡಿಸಿದ್ದನ್ನು ಬಿಡಬೇಡಿ, ಬೇಡದಿದ್ದರೆ ಮೊದಲೇ ಕೈ ಅಡ್ಡ ಹಿಡಿಯಿರಿ.

• ತಲಕಾವೇರಿ ಅಲ್ಲಿಂದ ಎಂಟು ಕಿಲೋಮೀಟರ್, ಏರು ದಾರಿ. ಎತ್ತರ 1,276 ಮೀಟರ್. ಊಟವಾಗಿ ಸ್ವಲ್ಪ ಒರಗಿ ಮೂರರ ಸುಮಾರಿಗೆ ಹೋಗಬಹುದು, ಆದರೆ ನನಗೆ ಸರಿ ಕಾಣುವುದು ಇನ್ನೊಂದು ರಾತ್ರಿ ಉಳಿದು ಮರುದಿನ ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗುವುದು. ಮೈತುಂಬ ಬಟ್ಟೆ ಇರಲಿ. ಸೀರೆ, ಪಂಚೆ, ಚೂಡಿದಾರ್ ಯಾವುದಾದರೂ ಸರಿ, ಚಡ್ಡಿ ಹಾಕಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಕಾರು ನಿಲ್ಲಿಸಿದ ಜಾಗದಿಂದ ಕುಂಡಿಕೆಯವರೆಗೆ ಮೆಟ್ಟಿಲು ಹತ್ತಬೇಕು, ಬರಿಗಾಲು, ಬೆಳಗ್ಗೆ ಕಲ್ಲು ಹಿಮದಂತೆ ತಣ್ಣಗಿರುತ್ತದೆ. ಅತ್ತೆಯವರು ಕಾಲುಚೀಲದಲ್ಲೇ ಹತ್ತಲಿ, ಆದರೆ ಒದ್ದೆ ಕಲ್ಲಿದ್ದರೆ ತೆಗೆಸಿಬಿಡು, ಜಾರುತ್ತದೆ. ಎರಡು ಕಡೆ ಕೂತು ಉಸಿರು ತೆಗೆದುಕೊಂಡು ಹೋದರೆ ಕಷ್ಟವಾಗುವುದಿಲ್ಲ.

• ಇನ್ನೊಂದು ಸಂಗತಿಯನ್ನು ಅವರಿಗೆ ಮನೆಯಲ್ಲೇ ಹೇಳಿರು. ಕುಂಡಿಕೆ ಎಂದರೆ ಎರಡು ಅಡಿ ಚೌಕದ ಪುಟ್ಟ ತೊಟ್ಟಿ, ಅದರ ಮುಂದೊಂದು ಕೊಳ. ಬಂಗಾಳ ಕೊಲ್ಲಿಯವರೆಗೆ 800 ಕಿಲೋಮೀಟರಿನಷ್ಟು ಹರಿಯುವ ನದಿಯ ತಾಯಿಬೇರು ಇಷ್ಟೇನೇ ಎಂದು ಬಂದವರಲ್ಲಿ ಅನೇಕರು ಪೆಚ್ಚಾಗುತ್ತಾರೆ. ಸಂಕ್ರಮಣದ ಗಳಿಗೆ ಬಿಟ್ಟು ಬೇರೆ ದಿನ ಅಲ್ಲಿ ನೀರು ಚಿಮ್ಮುವುದೂ ಕಾಣಿಸುವುದಿಲ್ಲ. ಕುಂಡಿಕೆಯಿಂದ ನೀರು ನೆಲದೊಳಗೆ ಇಳಿದು, ಕೆಳಗೆಲ್ಲೋ ಹೊರಬಂದು ಹೊಳೆಯಾಗುತ್ತದೆ ಎನ್ನುತ್ತಾರೆ. ಅರ್ಚಕರು ಕೊಡುವ ತೀರ್ಥ ತರಲು ಮುಚ್ಚಳ ಗಟ್ಟಿಯಿರುವ ಚಿಕ್ಕ ತಾಮ್ರದ ತಂಬಿಗೆಯೋ ಸ್ಟೀಲ್ ಬಾಟಲಿಯೋ ಒಯ್ಯಿ. ಕೊಡಗಿನ ಮನೆಗಳಲ್ಲಿ ಆ ತೀರ್ಥವನ್ನು ವರ್ಷಪೂರ್ತಿ ಜೋಪಾನ ಮಾಡುತ್ತಾರೆ, ಕೊನೆಯುಸಿರಿನವರ ಬಾಯಿಗೆ ಬಿಡುವುದೂ ಅದನ್ನೇ. ಸಂಕ್ರಮಣದ ಮರುದಿನ ಕೊಡವರ ಮನೆಗಳಲ್ಲಿ ಕಣಿಪೂಜೆ ಇರುತ್ತದೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಬಟ್ಟೆ ಸುತ್ತಿ, ಒಡವೆ ತೊಡಿಸಿ, ಕಾವೇರಿಯೆಂದು ಮನೆಮಂದಿಯೆಲ್ಲ ನಮಸ್ಕರಿಸುತ್ತಾರೆ. ಅವರಿಗೆ ಅವಳು ಮನೆಮಗಳೂ ಹೌದು, ತಾಯಿಯೂ ಹೌದು. ಕುಂಡಿಕೆಯ ಎದುರು ನಿಂತು ಸೆಲ್ಫಿ ತೆಗೆಯಲು ಕೈ ಎತ್ತುವ ಮುನ್ನ ಇದನ್ನು ನೆನೆ.

• ತಲಕಾವೇರಿಯಿಂದ ಬ್ರಹ್ಮಗಿರಿ ಬೆಟ್ಟದ ತುದಿಗೆ ಮೆಟ್ಟಿಲಿದೆ. ಹತ್ತಲು ಬಿಡುತ್ತಾರೋ ಇಲ್ಲವೋ ಅಲ್ಲಿಯವರನ್ನೇ ಕೇಳಿ. ಬೇಡ ಎಂದರೆ ಎರಡನೆಯ ಮಾತಾಡದೆ ಇಳಿಯಿರಿ. ಆ ಬೆಟ್ಟ ಅವರಿಗೆ ಪೂಜೆಯ ಜಾಗ.

• ತಲಕಾವೇರಿಯ ಹತ್ತಿರ ಗುಡ್ಡದ ಮೈ ಸೀಳಿದ ಗುರುತು ಕಂಡರೆ ಅದು ಗಜಗಿರಿ. 2020ರ ಆಗಸ್ಟ್ ಮೊದಲ ವಾರದ ಒಂದು ರಾತ್ರಿ ಆ ಬೆಟ್ಟ ಕುಸಿದು ಅರ್ಚಕರ ಮನೆ ಮನೆಯೇ ಮಣ್ಣಿನಡಿ ಹೋಯಿತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಎಷ್ಟೋ ಊರುಗಳು ಹೀಗೆಯೇ ಜಾರಿದ್ದವು. ಅಲ್ಲಿಯವರನ್ನು ಆ ರಾತ್ರಿಯ ಬಗ್ಗೆ ಕೆದಕಿ ಕೇಳಬೇಡ. ಅವರಾಗಿ ಹೇಳಿದರೆ ಕೂತು ಕೇಳು.

• ಅಳಿಯಂದಿರಿಗೆ ಕೇರಳದ ಗಡಿ ನೋಡುವ ಆಸೆ ಇದೆ ಎಂದೆ. ಭಾಗಮಂಡಲದಿಂದ ಪಟ್ಟಿಘಾಟ್ ಕಾಡಿನ ನಡುವೆ ಇಳಿದು ಹೋದರೆ ಕರಿಕೆ, ನಮ್ಮ ಕಡೆಯ ಕೊನೆಯ ಊರು. ಅದರಾಚೆ ಕಾಸರಗೋಡು ಜಿಲ್ಲೆಯ ಪಾಣತ್ತೂರು, ಇನ್ನೂ ಮುಂದೆ ಹೋದರೆ ಕಡಲ ಬದಿಯ ಕಾಞಂಗಾಡು. ಹಸಿರು ಕಣ್ಣಿಗೆ ಹಬ್ಬ, ಆದರೆ ರಸ್ತೆ ಕಿರಿದು, ಇಳಿಜಾರು ಕಡಿದು. 2021ರ ಜನವರಿಯಲ್ಲಿ ಪಾಣತ್ತೂರಿನ ಹತ್ತಿರ ಮದುವೆ ದಿಬ್ಬಣದ ಬಸ್ಸು ಉರುಳಿ ಏಳು ಮಂದಿ ತೀರಿಕೊಂಡರು. ಅತ್ತೆಯವರನ್ನು ಕೂರಿಸಿಕೊಂಡು ಆ ದಾರಿ ಬೇಡ. ಗಂಡ ಹೆಂಡತಿ ಇಬ್ಬರೇ ಇನ್ನೊಮ್ಮೆ ಬಂದಾಗ, ಬೆಳಗಿನ ಹೊತ್ತು, ಒಣ ದಿನದಲ್ಲಿ ಹೋಗಿ.

• ಗಡಿ ಎಂದರೆ ಅಲ್ಲಿ ತಂತಿಬೇಲಿಯಲ್ಲ, ನಂಟಸ್ತಿಕೆ. 1956ರ ನವೆಂಬರ್ 1ರವರೆಗೆ ಕೊಡಗೇ ಒಂದು ರಾಜ್ಯ, ಅದಕ್ಕೊಂದು ವಿಧಾನಸಭೆಯೂ ಇತ್ತು. ಆ ದಿನ ಕೊಡಗು ಮೈಸೂರಿಗೆ ಸೇರಿತು, ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಕರಿಕೆಯವರ ಅಕ್ಕ ತಂಗಿಯರು ಆಚೆ, ಆಚೆಯವರ ತೋಟ ಈಚೆ. 2020ರಲ್ಲಿ ಕೊರೋನಾ ಎಂದು ಗಡಿ ರಸ್ತೆಗಳನ್ನು ಮುಚ್ಚಿದಾಗ ಎರಡೂ ಕಡೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾಗಮಂಡಲದ ಒಂದೇ ಅಂಗಡಿಯ ಮುಂದೆ ನಿಂತರೆ ಅರೆಭಾಷೆ, ಕೊಡವ ತಕ್ಕ್, ಮಲಯಾಳ, ತುಳು, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ಅಂಗಡಿಯವರನ್ನು ಅಣ್ಣ, ಅಕ್ಕ ಎಂದು ಕನ್ನಡದಲ್ಲೇ ಮಾತಾಡಿಸಿ, ಎಲ್ಲರಿಗೂ ಬರುತ್ತದೆ. ನೀವೇನು ಕೊಡವರಾ, ಗೌಡರಾ ಎಂದು ಮುಖ ನೋಡಿದೊಡನೆ ಕೇಳುವುದು ಬೇಡ. ಹೆಸರು ಹೇಳಿಕೊಂಡು ಎರಡು ಮಾತಾಡಿದರೆ ಅವರೇ ಮನೆತನದಿಂದ ಹಿಡಿದು ಎಲ್ಲ ಹೇಳುತ್ತಾರೆ.

• ಹಳೆಯ ಐನ್‌ಮನೆ ಕಂಡರೆ ಅದು ನೋಡುವ ಸ್ಥಳವೆಂದು ಒಳಗೆ ನುಗ್ಗಬೇಡಿ. ಅದು ಒಂದು ಇಡೀ ಮನೆತನದ ಮೂಲಮನೆ. ಅಂಗಳದ ಅಂಚಿನಲ್ಲಿ ನಿಂತು ಕರೆಯಿರಿ. ಹಾಗೆಯೇ ದೇವರಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಎಲೆ ಹರಿಯುವುದು, ಕಡ್ಡಿ ಮುರಿಯುವುದು, ಉಗುಳುವುದು ಯಾವುದೂ ಸಲ್ಲದು.

• ಜೇನು ತರುತ್ತೀಯಲ್ಲ, ಅದರ ಬಗ್ಗೆ ಸ್ವಲ್ಪ ತಿಳಿದುಕೊಂಡು ಕೊಳ್ಳು. ಭಾಗಮಂಡಲದ ಜೇನಿಗೆ ಹಿಂದಿನಿಂದಲೂ ಹೆಸರು. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿತು. ಮರಿಹುಳುಗಳು ಗೂಡಿನಲ್ಲೇ ಸತ್ತು, ಪೆಟ್ಟಿಗೆಗಳು ಖಾಲಿಯಾಗಿ, ಅದನ್ನೇ ನಂಬಿದ್ದ ಮನೆಗಳು ಕೈಕಟ್ಟಿ ಕೂತವು. ಅಲ್ಲಿಂದ ಮತ್ತೆ ಒಂದೊಂದೇ ಪೆಟ್ಟಿಗೆ ತುಂಬಿಸಿಕೊಂಡು ಬಂದವರು ಈಗಿನ ಸಾಕಣೆಗಾರರು. ಹಾಗಾಗಿ ಚೌಕಾಸಿ ಮಾಡಬೇಡ. ಆದರೆ ರಸ್ತೆ ಬದಿಯಲ್ಲಿ ನಿಂತು ಬೆಂಕಿಕಡ್ಡಿ ಅದ್ದಿ ಹಚ್ಚಿ ತೋರಿಸುವ, ನೀರಿಗೆ ಹನಿ ಬಿಟ್ಟು ತೋರಿಸುವ ಪರೀಕ್ಷೆಗಳನ್ನು ನಂಬಬೇಡ. ಸಕ್ಕರೆ ಪಾಕವೂ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಸಾಕುವವರ ಮನೆಯಲ್ಲೋ, ಸಹಕಾರ ಸಂಘದಲ್ಲೋ, ಅಗ್‌ಮಾರ್ಕ್ ಗುರುತು ಇರುವುದನ್ನೋ ತೆಗೆದುಕೋ. ಮಳೆನಾಡಿನ ಜೇನು ಸ್ವಲ್ಪ ತೆಳುವಾಗಿಯೇ ಇರುತ್ತದೆ. ಹರಳುಗಟ್ಟಿದರೆ ಅದು ಕಲಬೆರಕೆ ಅಲ್ಲ, ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಒಲೆಯ ಮೇಲೆ ಕಾಯಿಸಬೇಡ, ಒದ್ದೆ ಚಮಚ ಅದ್ದಬೇಡ, ಹುಳಿಬರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು ಎಂದು ವೈದ್ಯರು ಹೇಳುತ್ತಾರೆ. ನಿನ್ನ ನಾದಿನಿಯ ಕೂಸಿಗೆ ಅತ್ತೆಯವರು ಪ್ರೀತಿಯಿಂದ ಬೆರಳಿಗೆ ಹಚ್ಚಿ ಕೊಡಲು ಹೋದರೆ ಮೃದುವಾಗಿ ತಡೆ.

• ಏಲಕ್ಕಿಯನ್ನೂ ಅಲ್ಲೇ ಕೊಳ್ಳು, ಸ್ವಲ್ಪವಾದರೂ. ಆ ಬೆಟ್ಟಗಳ ಹಳೆಯ ಬೆಳೆ ಅದೇ. ಕಟ್ಟೆ ರೋಗ ಬಿದ್ದು ಎಷ್ಟೋ ಏಲಕ್ಕಿ ಮಲೆಗಳು ಹಾಳಾದವು.

• ಊಟದ ಮಾತು. ಹೋಂಸ್ಟೇಯಲ್ಲಿ ಅತ್ತೆಯವರು ಸಸ್ಯಾಹಾರಿ ಎಂದು ಬುಕ್ ಮಾಡುವಾಗಲೇ ಹೇಳು, ಬೇರೆ ಪಾತ್ರೆಯಲ್ಲಿ ಮಾಡಬಲ್ಲಿರಾ ಎಂದೂ ಕೇಳು. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿಗೆ ಕುಂಬಳಕಾಯಿಯದ್ದೋ ಕಾಳಿನದ್ದೋ ಪಲ್ಯ ಮಾಡಿಸಿಕೊಳ್ಳಬಹುದು. ಕಣಿಲೆ ಮಳೆಗಾಲದ್ದು, ಡಿಸೆಂಬರಿನಲ್ಲಿ ಸಿಕ್ಕರೆ ಉಪ್ಪಿನಲ್ಲಿಟ್ಟದ್ದು. ಅಳಿಯಂದಿರು ಮಾಂಸ ತಿನ್ನುವವರು, ಕಾಚಂಪುಳಿ ಎಂಬ ಹುಳಿ ಹಾಕಿದ ಹಂದಿ ಸಾರು ಅವರಿಗೆ ಹಿಡಿಸುತ್ತದೆ. ಆದರೆ ಪಿಂಡದ ಕೆಲಸ ಮುಗಿದು ಊರು ಬಿಡುವವರೆಗೆ ಬೇಡ.

• ರಾತ್ರಿ ಹಾಡು ಹಾಕಿಕೊಂಡು ಕೂರಬೇಡಿ. ಎಂಟೂವರೆಗೆಲ್ಲ ಊರು ಮಲಗುತ್ತದೆ, ಕೊಯ್ಲಿನವರು ಬೆಳಗ್ಗೆ ಬೇಗ ಏಳಬೇಕು. ಬೆಟ್ಟದ ಸಂದಿನಲ್ಲಿ ಸದ್ದು ದೂರ ಹೋಗುತ್ತದೆ.

• ಮೂರನೆಯ ದಿನ ಉಳಿದರೆ, ಅತ್ತೆಯವರಿಗೆ ಸುಸ್ತಿಲ್ಲದಿದ್ದರೆ, ನಾಪೋಕ್ಲು ದಾರಿಯಲ್ಲಿ ವಾಪಸಾಗಿ. ಕಕ್ಕಬ್ಬೆಯಲ್ಲಿ ಇಗ್ಗುತ್ತಪ್ಪನಿಗೆ ಕೈಮುಗಿದು, ಹತ್ತಿರದಲ್ಲೇ ಇರುವ ನಾಲ್ಕುನಾಡು ಅರಮನೆ ನೋಡಬಹುದು. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಅರಮನೆಯೆಂದರೆ ಮೈಸೂರಿನದ್ದನ್ನು ನೆನೆಸಿಕೊಳ್ಳಬೇಡಿ, ಕಾಡಿನೊಳಗಿನ ಎರಡಂತಸ್ತಿನ ಹೆಂಚಿನ ಮನೆ. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಹೋಗಿ ಸೇರಿಕೊಂಡಿದ್ದು ಅಲ್ಲಿಗೆ. ಮಡಿಕೇರಿಯಲ್ಲಿ ಇನ್ನೂ ಹತ್ತು ಸ್ಥಳ ನೋಡಬೇಕೆಂದು ಪಟ್ಟಿ ಮಾಡಿಕೊಂಡಿದ್ದರೆ ಅದನ್ನು ಮುಂದಿನ ಸಲಕ್ಕೆ ಇಡಿ.

• ಔಷಧಿ. ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆ ಎರಡು ದಿನಕ್ಕೆ ಹೆಚ್ಚೇ ಇರಲಿ, ಡಾಕ್ಟರ ಚೀಟಿಯ ಫೋಟೋ ಫೋನಿನಲ್ಲಿರಲಿ. ಊರಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆ ಎಂದರೆ ಮಡಿಕೇರಿಯೇ. ಎದೆನೋವು, ಉಸಿರಾಟದ ತೊಂದರೆ ಎನಿಸಿದರೆ ಬೆಳಗಾಗಲಿ ಎಂದು ಕಾಯದೆ ಮನೆಯವರನ್ನು ಎಬ್ಬಿಸಿ. ಆ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸಬಲ್ಲವರನ್ನು ಅವರು ಕರೆಸುತ್ತಾರೆ. ಮೊಣಕಾಲಿಗೆ ಹಚ್ಚುವ ಎಣ್ಣೆ, ಬಿಸಿನೀರಿನ ಚೀಲ, ಒಂದು ಟಾರ್ಚು, ಒಂದು ಊರುಗೋಲು ಮರೆಯಬೇಡ. ಇಂಬಳದ ಕಾಟ ಡಿಸೆಂಬರಿನಲ್ಲಿ ಅಷ್ಟಿಲ್ಲ. ಒದ್ದೆ ಹುಲ್ಲಿನಲ್ಲಿ ಹತ್ತಿದರೆ ಕಿತ್ತೆಳೆಯದೆ ಉಪ್ಪು ಹಾಕಿ, ತಾನೇ ಬಿಡುತ್ತದೆ.

• ಹೊರಡುವ ಎರಡು ದಿನ ಮೊದಲು ನನಗೊಂದು ಫೋನ್ ಮಾಡು. ಆ ವಾರ ರಸ್ತೆ ಕೆಲಸ ಎಲ್ಲಾದರೂ ನಡೆದಿದೆಯೇ ಎಂದು ಚೇರಂಬಾಣೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಹೇಳುತ್ತೇನೆ. ಬೀಗರ ತಿಥಿ, ಗೋತ್ರ ಬರೆದ ಕಾಗದವನ್ನೂ ಆಗಲೇ ಓದಿ ಹೇಳು, ನಾನೂ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.